ಬಾಗಿಲಿನಿಂದ ಮೇಜಿಗೆ ಇಪ್ಪತ್ತೆರಡು ಹೆಜ್ಜೆ

ಟೈಪಿಂಗ್ ಶಾಲೆಯ ಹಿಂದಿನ ಕೋಣೆ,
ಐದನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಭಾವನ ಮಂಡಿನೋವು ಇಳಿಯಿತೇ, ಅಥವಾ ಈಗಲೂ ಸಂತೆಚೀಲ ಕೈಗೆ ಕೊಟ್ಟಾಗ ಬಂದು ಊಟಕ್ಕೆ ಕರೆದಾಗ ಮಾಯವಾಗುತ್ತದೆಯೇ? ನಿನ್ನ ಕಣ್ಣಿನ ಪೊರೆ ತೆಗೆಸಿದ್ದು ಸರಿಹೋಗಿರಬೇಕು. ಇಲ್ಲದಿದ್ದರೆ ಭೂತಗನ್ನಡಿ ಹತ್ತಿರ ಇಟ್ಟುಕೋ. ಬರೆಯುತ್ತ ಹೋದಂತೆ ನನ್ನ ಅಕ್ಷರ ಚಿಕ್ಕದಾಗುತ್ತದೆ, ಅದೂ ಈ ಪಾರ್ಕಿನ್ಸನ್ ಕಾಯಿಲೆಯ ಕೊಡುಗೆಯಂತೆ. ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗುತ್ತಿದ್ದೇನೆ, ಬೈಯಬೇಡ.

ನೀನು ಕಳಿಸಿದ ಗಾಲಿಕುರ್ಚಿ ತಲುಪಿತು. ಒಳ್ಳೆಯ ಕುರ್ಚಿ. ನನ್ನವಳು ಒಗೆದು ಮಡಿಚಿದ ಬಟ್ಟೆಯನ್ನೆಲ್ಲ ಅದರ ಮೇಲೆ ಪೇರಿಸಿದ್ದಾಳೆ. ಬಟ್ಟೆ ಹಾಯಾಗಿ ಕೂತಿದೆ, ನಾನು ಮಾತ್ರ ಕೂರುವುದಿಲ್ಲ. "ಇಪ್ಪತ್ತನೇ ತಾರೀಕು ಅಷ್ಟು ಜನರ ಮುಂದೆ ಮುಗ್ಗರಿಸಿ ಮಾನ ಕಳ್ಕೊಳ್ಳೋದಕ್ಕಿಂತ ಸುಮ್ನೆ ಅದರಲ್ಲಿ ಕೂತ್ಕೊಂಡ್ ಬಾ" ಎಂದು ಫೋನಿನಲ್ಲಿ ಅಂದೆಯಲ್ಲ, ಆ ಮಾತು ನನಗೆ ಚುಚ್ಚಿತು. ನೀನೂ ನಾನೂ ನಲವತ್ತೊಂದು ವರ್ಷ ನಡೆಸಿದ ಶಾಲೆ ಅಂದು ಬಾಗಿಲು ಮುಚ್ಚುತ್ತದೆ. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬರುತ್ತಿದ್ದಾರೆ. ಬಾಗಿಲಿನಿಂದ ನನ್ನ ಮೇಜಿಗೆ, ಎರಡು ಸಾಲು ಡೆಸ್ಕುಗಳ ನಡುವೆ, ಇಪ್ಪತ್ತೆರಡು ಹೆಜ್ಜೆ. ಅಷ್ಟೂ ಹೆಜ್ಜೆಯನ್ನು ನನ್ನ ಕಾಲಿನಲ್ಲೇ ಇಡುತ್ತೇನೆ. ಬಿದ್ದರೆ ಬಿದ್ದೆ, ಎಬ್ಬಿಸಲು ಅಷ್ಟೊಂದು ಜನ ಇರುತ್ತಾರೆ.

ಇದು ಬರೀ ಹಟ ಅಂದುಕೊಳ್ಳಬೇಡ. ಇಲ್ಲಿ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಾಳೆ, ಗಟ್ಟಿಗಿತ್ತಿ. "ತಲೆಯಿಂದ ಕಾಲಿಗೆ ಹೋಗೋ ಅಪ್ಪಣೆ ದಾರೀಲಿ ತಡ ಆಗ್ತಿದೆ ಮೇಷ್ಟ್ರೇ, ಕಿವಿ ಕಡೆಯಿಂದ ಕಳ್ಸೋಣ" ಎಂದು ಟಿಕ್ ಟಿಕ್ ಎನ್ನುವ ಪುಟ್ಟ ಡಬ್ಬಿಯೊಂದನ್ನು ನನ್ನ ಜೇಬಿಗೆ ಹಾಕಿದಳು. ಒಂದೊಂದು ಸದ್ದಿಗೆ ಒಂದೊಂದು ಹೆಜ್ಜೆ. ಮೊದಲ ದಿನ ನಾಲ್ಕು ಹೆಜ್ಜೆ ಇಟ್ಟು ನಿಂತೆ. ಮತ್ತೆ ನಾಲ್ಕು ಇಟ್ಟು ಮತ್ತೆ ನಿಂತೆ. ನಿಂತಾಗಲೆಲ್ಲ ಎಡಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ತಳ್ಳುತ್ತಿತ್ತು. ಹುಡುಗಿ ಗಾಬರಿಯಾಗಿ, ಇದು ಯಾವುದೋ ಹೊಸ ಲಕ್ಷಣವೆಂದು ಬರೆದುಕೊಳ್ಳತೊಡಗಿದಳು. ಆಮೇಲೆ ನನಗೇ ಹೊಳೆಯಿತು. ಆ ಡಬ್ಬಿ ಪ್ರತಿ ನಾಲ್ಕನೆಯ ಸದ್ದಿಗೆ ಟಿಣ್ ಎಂದು ಗಂಟೆ ಹೊಡೆಯುತ್ತಿತ್ತು! ಟೈಪಿಂಗ್ ಕಲಿತವನಿಗೆ ಗಂಟೆ ಬಾರಿಸಿತೆಂದರೆ ಸಾಲು ಮುಗಿಯಿತು, ಎಡಗೈಯಿಂದ ಟೈಪ್‌ರೈಟರಿನ ಕ್ಯಾರಿಯೇಜ್ ತಳ್ಳಿ ಹೊಸ ಸಾಲು ಹಿಡಿಯಬೇಕು ಎಂದೇ ಅರ್ಥ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನೀನು ಕಲಿಸಿದ ಗುಣವೂ ಹಾಗೆಯೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗಂಟೆಯನ್ನು ಬಂದ್ ಮಾಡಿದ ಮೇಲೆ ಅದೇ ದಿನ ಬೀದಿಯ ಕೊನೆಯ ಔಷಧಿ ಅಂಗಡಿಯವರೆಗೆ ಹೋಗಿ ಬಂದೆ. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ, ನೋಡಲಿ.

ಬಾಗಿಲಲ್ಲಿ, ಇಕ್ಕಟ್ಟಿನಲ್ಲಿ ಮಾತ್ರ ಪಾದ ಇನ್ನೂ ನೆಲಕ್ಕೆ ಅಂಟುತ್ತದೆ. ಮೊನ್ನೆ ನನ್ನವಳು ಸೌಟಿನಿಂದ ಪಾತ್ರೆ ಬಡಿದು ತಾಳ ಕೊಟ್ಟಳು. ಅವಳ ಸ್ವಭಾವ ನಿನಗೆ ಗೊತ್ತಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ತಾಳ ಓಡಿತು, ಹಿಂದೆಯೇ ನಾನೂ ಓಡಿದೆ, ಕೊನೆಗೆ ಬೀರು ನನ್ನನ್ನು ಹಿಡಿದುಕೊಂಡಿತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ. ನಾನೇ ಮೇಜು ತಟ್ಟಿಕೊಂಡೂ ನೋಡಿದೆ. ನಡುಗುವ ಕೈ ಹಾಕಿದ ತಾಳವನ್ನು ಯಾವ ಕಾಲು ನಂಬೀತು? ಆದರೂ ದಿನಾ ಬೆಳಿಗ್ಗೆ ಖಾಲಿ ಶಾಲೆಗೆ ಹೋಗಿ ಆ ಡೆಸ್ಕುಗಳ ನಡುವೆ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಹದಿನಾಲ್ಕರವರೆಗೆ ಬಂದೆ. ಕಾಯಿಲೆ ನನ್ನ ಕೈ ತೆಗೆದುಕೊಂಡಿದೆ, ಅಕ್ಷರ ತೆಗೆದುಕೊಂಡಿದೆ. ಈ ಇಪ್ಪತ್ತೆರಡು ಹೆಜ್ಜೆಯನ್ನು ನಾನು ಕೊಡುವುದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮೊಮ್ಮಗಳ ಗಲ್ಲ ನನ್ನ ಪರವಾಗಿ ಒಮ್ಮೆ ಹಿಂಡು, ಅಳುವಷ್ಟು ಬೇಡ.

ನಿನ್ನ ಮಾತು ಎಂದೂ ಕೇಳದ,
ತಮ್ಮ

ತಾ.ಕ.: ಒಂದು ಮಾತು ಬಿಟ್ಟುಹೋಗಿತ್ತು. ಸುಳ್ಳು, ಬಿಟ್ಟುಹೋಗಿರಲಿಲ್ಲ, ಕೇಳಲು ನಾಚಿಕೆಯಾಗಿತ್ತು. ನಾನು ಹದಿನೇಳರ ಹುಡುಗನಾಗಿ ಕೀಲಿಗಳ ಮುಂದೆ ಬೆವರುತ್ತಿದ್ದಾಗ ನೀನು ಮರದ ರೂಲರಿನಿಂದ ಮೇಜು ತಟ್ಟುತ್ತ "ಬೆರಳು ನೋಡ್ಬೇಡ, ಸದ್ದು ಕೇಳು" ಅನ್ನುತ್ತಿದ್ದೆ. ಅಷ್ಟು ಸಮನಾದ ತಾಳವನ್ನು ಆಮೇಲೆ ನಾನು ಎಲ್ಲೂ ಕೇಳಿಲ್ಲ. ಇಪ್ಪತ್ತನೇ ತಾರೀಕಿನ ಗದ್ದಲದಲ್ಲಿ ಈ ಡಬ್ಬಿಯ ಸದ್ದು ಕೇಳಿಸುವುದಿಲ್ಲ. ಬರುವಾಗ ಆ ರೂಲರ್ ತಾ ಅಕ್ಕಾ. ನನ್ನ ಮೇಜಿನ ಹತ್ತಿರ ನಿಂತು ತಟ್ಟು. ಎಂಟನೆಯ ಹೆಜ್ಜೆಗೋ ಹದಿನಾಲ್ಕಕ್ಕೋ ನಾನು ನಿಂತುಬಿಡಬಹುದು. ಆಗ ಓಡಿ ಬಂದು ನನ್ನ ಕೈ ಹಿಡಿಯಬೇಡ. ನನ್ನ ಕಾಲು ನಿಂತರೂ ನಿನ್ನ ಕೈ ನಿಲ್ಲಬಾರದು. ತಟ್ಟುತ್ತಲೇ ಇರು, ನಾನು ಬರುತ್ತೇನೆ.