ಕೂಸಿನಮನೆ ತೆರೆಯುವ ದಿನ

ಕೆಳಗಿನ ಲೈನು, ಹಟ್ಟನ್
೩೧ ಜನವರಿ ೧೯೯೪

ಕೊಲಂಬೊದಲ್ಲಿರುವ ನನ್ನವರಿಗೆ ಪೂರಣಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಗೋದಾಮಿನಲ್ಲಿ ಮೆಣಸಿನಕಾಯಿ ಮೂಟೆಗಳ ನಡುವೆ ಮಲಗಿದರೆ ಕೆಮ್ಮು ಬಾರದೆ ಸಂಗೀತ ಬರುತ್ತದೆಯೇ? ನಾಲ್ಕು ವರ್ಷದಲ್ಲಿ ನೀವು ಬರೆದದ್ದೇ ಕಡಿಮೆ. ಈ ಸಲದ ಪತ್ರವನ್ನು ಮಾತ್ರ ಎಷ್ಟು ಸಲ ಓದಿದೆನೋ. ಫೆಬ್ರವರಿ ಹನ್ನೊಂದನೇ ತಾರೀಖು ಶುಕ್ರವಾರ ಹೊಸ ಕೂಸಿನಮನೆ ತೆರೆಯುವ ಹೊತ್ತಿಗೆ ಬರುತ್ತೇನೆ, ಬಂದಮೇಲೆ ಇನ್ನು ಹಿಂದಿರುಗುವುದಿಲ್ಲ ಎಂದಿದ್ದೀರಿ. ಅದಕ್ಕೆ ಉತ್ತರ ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ. ಮೊದಲು ಕಟ್ಟಡದ ಸುದ್ದಿ ಹೇಳಿಬಿಡುತ್ತೇನೆ.

ಗೋಡೆಗೆ ಹಳದಿ ಬಣ್ಣ, ನೆಲಕ್ಕೆ ಕೆಂಪು ಗಾರೆ. ಕೂಸುಗಳ ಕೈಗೆ ಎಟಕುವ ಎತ್ತರಕ್ಕೆ ನಲ್ಲಿ ಹಾಕಿದ್ದಾರೆ. ಎಷ್ಟು ಮಳೆ ಹೊಯ್ದರೂ ನೆಲ ಬೆಚ್ಚಗಿರುತ್ತದೆ. ತಾಯಂದಿರು ಕೆಲಸಕ್ಕೆ ಹೋಗುವಾಗ ಕೂಸುಗಳನ್ನು ಬಿಡುತ್ತಿದ್ದ ಹಳೆಯ ತಗಡಿನ ಮಾಡಿನ ಕೆಳಗೆ ನೆಲ ಹೇಗೆ ಜಿನುಗುತ್ತಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕೂಸು ಮಲರ್ ಎದೆ ಕಟ್ಟಿ ಹೋದದ್ದು ಆ ನೆಲದ ಮೇಲೆ ಮಲಗಿಯೇ. ಆ ಮಾಡು ಕಣ್ಣಿಗೆ ಬಿದ್ದರೆ ಉಸಿರು ನಿಲ್ಲುತ್ತದೆ ಎಂದು ನೀವು ಹೊರಟಿರಿ. ನಾನು ಚಹಾ ಸೊಪ್ಪಿನ ಬುಟ್ಟಿ ಇಳಿಸಿ, ಅದೇ ಮಾಡಿನ ಕೆಳಗೆ ಆಯಮ್ಮನಾಗಿ ಸೇರಿಕೊಂಡೆ. ಉಳಿದ ಕೂಸುಗಳನ್ನಾದರೂ ಯಾರಾದರೂ ನೆಲದಿಂದ ಎತ್ತಿಕೊಳ್ಳಬೇಕಿತ್ತಲ್ಲ.

ತೋಟದ ಆಫೀಸಿನವರು ಕೂಸುಗಳಿಗೆ ದುಡ್ಡಿಲ್ಲ ಎಂದು ಕೈ ಝಾಡಿಸಿದ್ದರು. ಆಮೇಲೆ ಹೊರದೇಶದ ದಾನಿಗಳು ಬಂದರು. ಸುತ್ತಲಿನ ತೋಟಗಳನ್ನೆಲ್ಲ ನೋಡಿ ಒಂದಕ್ಕೆ ಮಾತ್ರ ಕೊಡುವವರು. ಅವರ ಮಾತು ನಮಗೆ ಹೇಳುವುದಕ್ಕೆ ಪಟ್ಟಣದಿಂದ ಸುಗುಣಾ ಮಿಸ್ ಎಂಬ ಹುಡುಗಿ ಜೊತೆಗಿದ್ದಳು. ಮಗುವಿನ ವಿಷಯ ಕೇಳಿದರು, ಹೇಳಿದೆ. ಆಮೇಲೆ ಗಂಡನ ಹೆಸರೇನು ಎಂದು ಕೇಳಿದರು.

ನಿಮ್ಮ ಹೆಸರು ನನ್ನ ಬಾಯಲ್ಲಿ ಯಾವತ್ತಾದರೂ ಬಂದದ್ದುಂಟೇ? ಆಸ್ಪತ್ರೆಯಲ್ಲಾಗಲಿ ಆಫೀಸಿನಲ್ಲಾಗಲಿ ಪಕ್ಕದವಳು ನಮ್ಮ ಪರವಾಗಿ ಹೇಳಿಬಿಡುತ್ತಾಳೆ. ಅವತ್ತು ಹೆಂಗಸರೆಲ್ಲ ಗುಡ್ಡದ ಮೇಲೆ ಸೊಪ್ಪು ಕೀಳುತ್ತಿದ್ದರು. ನಾನು ತಲೆ ತಗ್ಗಿಸಿದೆ. ಸುಗುಣಾ ಮಿಸ್ ಮತ್ತೆ ಕೇಳಿದಳು. ನಿಮ್ಮ ವಿಷಯವನ್ನು ಅಷ್ಟು ಮೆತ್ತಗೆ ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು, ಕಣ್ಣಲ್ಲಿ ನೀರು ಬಂತು. ಸುಗುಣಾ ಮಿಸ್ ನನ್ನ ಭುಜ ಸವರಿ ಅವರಿಗೆ ಏನೋ ಹೇಳಿದಳು. ಅವರು ಟೋಪಿ ತೆಗೆದು ನಿಂತರು. ಆಗಲೇ ನನಗೆ ಹೊಳೆದದ್ದು, ನಿಮ್ಮನ್ನು ತೀರಿಹೋದವರ ಲೆಕ್ಕಕ್ಕೆ ಸೇರಿಸಿಬಿಟ್ಟರು ಎಂದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಪಾಲಿಗೆ ಆಡದೆ ಹೋಯಿತು. ಇಲ್ಲ, ಬದುಕಿದ್ದಾರೆ ಎಂದು ಆಗಲೇ ಹೇಳಬಹುದಿತ್ತು. ಆದರೆ ಅವರ ಮುಖ ಕರಗಿದ್ದು ನೋಡಿದೆ, ಒದ್ದೆ ನೆಲದ ಮೇಲೆ ಮಲಗಿದ್ದ ಕೂಸುಗಳನ್ನೂ ನೋಡಿದೆ. ಸುಮ್ಮನಾದೆ. ಹಣ ಬಂತು. ಗಂಡನನ್ನೂ ಮಗುವನ್ನೂ ಕಳೆದುಕೊಂಡ ಆಯಮ್ಮ ಎಂದು ನನ್ನ ಫೋಟೊ ಹಾಕಿ ಅವರ ಊರಿನಲ್ಲಿ ಹಂಚಿದರಂತೆ, ಅದನ್ನು ನೋಡಿಯೇ ಜನ ಕೊಟ್ಟರಂತೆ. ಅಡುಗೆಮನೆಯ ಮತ್ತು ಪಾಯಖಾನೆಯ ಹಣ ಇನ್ನೂ ಬಾಕಿ. ತೆರೆಯುವ ದಿನ ಬಂದು, ನೋಡಿ, ಆಮೇಲೆ ಕೊಡುತ್ತಾರೆ.

ಇದು ಇಡೀ ಲೈನಿನ ಮನೆಮನೆಗೂ ಗೊತ್ತು. ನೀವು ಬರುವ ಸುದ್ದಿ ನಲ್ಲಿಯ ಹತ್ತಿರ ಹೇಳಿದ್ದೇ ತಡ, ಮುದುಕಿ ಪೇಚಿಯಮ್ಮ ಶುರುಮಾಡಿದಳು. “ಅಲ್ಲ ಕಣೇ, ಸತ್ತ ಗಂಡ ಹೊಸ ಷರ್ಟ್ ಹಾಕ್ಕೊಂಡು ಬಸ್ಸಿಳಿದು ಬಂದ್ರೆ ಆ ದೊರೆಗಳು ಎದೆ ಒಡ್ಕೊಂಡು ಸಾಯ್ತಾರಷ್ಟೆ” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಕ್ಕದ ಮನೆಯ ರಾಸಾತಿ ಮಾತ್ರ ನಗಲಿಲ್ಲ. ಅವಳ ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ, ಈಗಲೇ ಎರಡು ಸಲ ಭೇದಿಯಾಗಿ ಸಾಯುವ ಹಾಗಾಗಿತ್ತು. ಮನೆಯವರೆಗೂ ಹಿಂದೆ ಬಂದು ಕೈ ಹಿಡಿದುಕೊಂಡಳು. “ಅಕ್ಕಾ, ಅಣ್ಣಂಗೆ ಒಂದಿನ ತಡೆದು ಬರೋಕೆ ಹೇಳು. ಆ ದುಡ್ಡು ನಿಂತ್ರೆ ನಮ್ ಮಕ್ಳು ಮತ್ತೆ ಚರಂಡಿ ಪಕ್ಕಾನೇ ಕೂತ್ಕೋಬೇಕು” ಅಂದಳು.

ಆದ್ದರಿಂದ ಶುಕ್ರವಾರ ಬರಬೇಡಿ. ಶನಿವಾರ ಬನ್ನಿ, ಭಾನುವಾರ ಬನ್ನಿ, ಯಾವಾಗ ಬೇಕಾದರೂ ಬನ್ನಿ. ಹಗಲೆಲ್ಲ ನನ್ನ ಮಡಿಲು ತುಂಬಿರುತ್ತದೆ. ಸಂಜೆ ತಾಯಂದಿರು ಬಂದು ಒಂದೊಂದೇ ಕೂಸನ್ನು ಎತ್ತಿಕೊಂಡು ಹೋದಮೇಲೆ ಈ ಕೈಗಳನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಒಬ್ಬಳಿಗೆ ರೊಟ್ಟಿ ತಟ್ಟುವುದು ಬೇಸರವೆಂದು ಬರಿಯ ಚಹಾ ಕುಡಿದು ಮಲಗುತ್ತೇನೆ. ನೀವು ಬದುಕಿದ್ದೀರಿ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಅಂಥದರಲ್ಲಿ ಬರುತ್ತೇನೆ ಎಂದವರಿಗೆ ಬರಬೇಡಿ ಎಂದು ಬರೆಯುತ್ತಿದ್ದೇನೆ, ನನ್ನ ಹಣೆಬರಹ ನೋಡಿ.

ಕೋಪ ಮಾಡಿಕೊಳ್ಳಬೇಡಿ. ಕೆಮ್ಮಿಗೆ ಕೊತ್ತಂಬರಿ ಕಷಾಯ ಕುಡಿಯಿರಿ.

ನಿಮ್ಮ ದಾರಿ ನೋಡುತ್ತಿರುವ,
ಪೂರಣಿ

ತಾ.ಕ., ೧೨ ಫೆಬ್ರವರಿ: ಈ ಪತ್ರವನ್ನು ಅವತ್ತು ಟಪಾಲಿಗೆ ಹಾಕಲಿಲ್ಲ. ನಾಳೆ ಹಾಕಿದರಾಯಿತು, ನಾಳೆ ಹಾಕಿದರಾಯಿತು ಎಂದು ಇಟ್ಟುಕೊಂಡೆ. ಬರಬೇಡಿ ಎಂಬ ಮಾತು ನಿಮಗೆ ತಲುಪದಿದ್ದರೆ ನೀವು ಬಂದೇ ಬರುತ್ತೀರಲ್ಲ, ಆಮೇಲೆ ಆಗುವುದು ಆಗಲಿ ಎಂದುಕೊಂಡೆ. ರಾಸಾತಿಯ ಕೂಸನ್ನು ಎತ್ತಿಕೊಂಡೇ ಹಾಗೆಂದುಕೊಂಡೆ. ನಿನ್ನೆ ಬಾಗಿಲು ತೆರೆದರು. ಭಾಷಣ ಮುಗಿಯುವವರೆಗೂ ರಸ್ತೆಯ ತಿರುವನ್ನೇ ನೋಡುತ್ತಿದ್ದೆ. ಕೊನೆಯ ಬಸ್ಸೂ ಬಂದು ಹೋಯಿತು, ನೀವು ಇಳಿಯಲಿಲ್ಲ. ದಾನಿಗಳು ಉಳಿದ ಹಣ ಕೊಡುತ್ತೇವೆ ಎಂದು ಹೇಳಿ ಹೋದರು. ರಾಸಾತಿ ಅಳುತ್ತಾ ಬಂದು, ಅಣ್ಣ ನಿನ್ನ ಮಾತಿಗೆ ಬೆಲೆ ಕೊಟ್ಟು ನಿಂತರಲ್ಲ ಅಕ್ಕಾ ಎಂದಳು. ಹೌದು, ನಾನು ಬರೆದಿದ್ದೆ, ಅದಕ್ಕೇ ಬರಲಿಲ್ಲ ಎಂದೆ. ಇಡೀ ಲೈನು ನಿಮ್ಮ ದೊಡ್ಡ ಮನಸ್ಸನ್ನು ಹೊಗಳುತ್ತಿದೆ. ಈ ಪತ್ರವನ್ನು ಈಗ ಕಳಿಸುತ್ತಿದ್ದೇನೆ. ಯಾರಾದರೂ ಕೇಳಿದರೆ, ಪತ್ರ ಮೊದಲೇ ಬಂದಿತ್ತು ಎಂದು ಹೇಳಿ.