ಕಂಪ್ಯೂಟರಿಗೆ ಕಲಿಸಿದ ತೊಟ್ಟಿಲ ಪದ

ಕಾಸಾರಶಿರಸಿ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಸಪನಾ,

ಹೇಗಿದ್ದೀ? ಸೊಂಟನೋವು ಇಳಿಯಿತೇ? ಅಂಟಿನುಂಡೆಯನ್ನು ತಪ್ಪದೆ ತಿನ್ನುತ್ತಿದ್ದೀಯೋ, ಅಥವಾ ಯಾರೂ ನೋಡದಾಗ ನಿನ್ನ ತಂಗಿಯ ತಟ್ಟೆಗೆ ದಾಟಿಸುತ್ತಿದ್ದೀಯೋ? ನಮ್ಮ ರಾಣಿಸಾಹೇಬರು ರಾತ್ರಿ ನಿದ್ದೆ ಮಾಡುತ್ತಾರೋ, ನಿನ್ನನ್ನು ಕಾವಲಿಗೆ ಕೂರಿಸಿಕೊಳ್ಳುತ್ತಾರೋ? ಕೂಸಿಗೆ ನನ್ನದೇ ಮೂಗು ಬಂದಿದೆ ಎಂದು ನಿಮ್ಮ ಮನೆಯವರೆಲ್ಲ ತೀರ್ಮಾನಿಸಿದ್ದಾರಂತೆ. ಅದಕ್ಕಾಗಿ ನಾನು ಮಗಳ ಕ್ಷಮೆ ಕೇಳಿದ್ದೇನೆಂದು ಅವಳ ಕಿವಿಯಲ್ಲಿ ಹೇಳು.

ಎರಡೂ ಮನೆಯಲ್ಲಿ ಫೋನಿರುವಾಗ ಇವನಿಗೆ ಪತ್ರದ ಹುಚ್ಚೇಕೆ ಹಿಡಿಯಿತು ಎಂದು ನಗಬೇಡ. ಅಲ್ಲಿ ಫೋನೆತ್ತುವವರು ನಿನ್ನ ತಾಯಿ ಪ್ರಯಾಗಬಾಯಿಯವರು. ಅವರಿಗೆ ಇಲ್ಲಿಯ ತೊಗರಿ ದರದಿಂದ ಹಿಡಿದು ನಮ್ಮ ಎಮ್ಮೆಯ ಹಾಲಿನವರೆಗೆ ವರದಿ ಒಪ್ಪಿಸುವಷ್ಟರಲ್ಲಿ ಗಿರಾಕಿ ಬಂದುಬಿಡುತ್ತಾನೆ. ಇಲ್ಲಿ ಅವ್ವ ಪಕ್ಕದಲ್ಲೇ ಕುಳಿತು, ಸ್ಪೀಕರ್ ಹಾಕು ಎಂದು ಕೈಸನ್ನೆ ಮಾಡುತ್ತಾಳೆ. ನಾನು ಹೇಳಬೇಕಾದ ಸುದ್ದಿಯೋ ಅವ್ವನದೇ. ಅದನ್ನು ಅವಳೆದುರಿಗೇ ಹೇಗೆ ಹೇಳಲಿ?

ವಿಷಯ ಇಷ್ಟು. ಸೋಮವಾರದ ತೊಟ್ಟಿಲ ಕಾರ್ಯಕ್ಕೆ ಬರುವುದಿಲ್ಲವೆಂದು ಅವ್ವ ಹಟ ಹಿಡಿದಿದ್ದಾಳೆ. ಗಂಟಲಿನ ಆಪರೇಷನ್ ಆದಾಗಿನಿಂದ ಅವಳ ಧ್ವನಿ ಹೇಗಾಗಿದೆ ಎಂಬುದು ನಿನಗೆ ಗೊತ್ತು. ಗಡ್ಡೆಯೇನೋ ಹೋಯಿತು, ಜೀವ ಉಳಿಯಿತು, ಆದರೆ ಮಾತೆಲ್ಲ ಪಿಸುಗುಟ್ಟಿದಂತೆ ಬರುತ್ತದೆ. ನಮ್ಮ ಓಣಿಯಲ್ಲಿ ಈ ಸುಮಿತ್ರಾಬಾಯಿ ಹಾಡದೆ ಯಾವ ಕೂಸೂ ತೊಟ್ಟಿಲು ಏರಿದ್ದಿಲ್ಲ. ಈಗ ತಾನೇ ಆಯಿಯಾಗಿ, ತನ್ನ ಮೊಮ್ಮಗಳ ಸರದಿ ಬಂದಾಗ ಹೀಗಾಗಿದೆ. ನಮ್ಮ ಮನೆತನದಲ್ಲಿ ಮೊದಲ ಸೊಲ್ಲು ತಂದೆಯ ತಾಯಿಯದೇ ಆಗಬೇಕು, ಅವಳು ಎತ್ತುವವರೆಗೆ ಉಳಿದ ಹೆಂಗಸರು ಬಾಯಿ ಬಿಡುವಂತಿಲ್ಲ. "ಬೀಗರ ಮಂದಿ ಮುಂದ ನಾ ಮೂಕಿ ಹಂಗ ಕೂಡ್ಲೇನು? ನೀವು ಅಪ್ಪ ಮಗ ಹೋಗಿ ಬರ್ರಿ" ಎಂದು ಹೇಳಿ ಕೋಣೆಗೆ ಹೋದಳು. ಅಪ್ಪ ಗದರಿಸಿ ನೋಡಿದರು, ರಮಿಸಿಯೂ ನೋಡಿದರು. ಏನೂ ನಡೆಯಲಿಲ್ಲ.

ಆಗ ನೆನಪಾದದ್ದು ನಿನ್ನ ಮಾತು. ಹೆರಿಗೆಗೆ ಹೊರಟ ದಿನ ಬಸ್ಸು ಹತ್ತುವಾಗಲೂ ಸುಮ್ಮನಿರದೆ ಹೇಳಿದ್ದೆಯಲ್ಲ, "ಅತ್ತಿಯವರ ಪದ ಬ್ಯಾರೆ ಯಾರಿಗೂ ಬರಲ್ಲರಿ. ನನ್ನ ಕಂಪ್ಯೂಟರದಾಗ ಅದರ ಚಾಲ ಕೂಡಸಿಡ್ರಿ, ಫುಕಟದಾಗ ಸಾಫ್ಟವೇರ ಸಿಗ್ತಾವ" ಎಂದು. ಪುಕ್ಕಟೆ ಸಾಫ್ಟ್‌ವೇರು ಹುಡುಕಿ ಧಾಟಿ ಕೂಡಿಸಿಡುತ್ತೇನೆ, ಹೂಂ, ಎಂದು ಮರೆತುಬಿಟ್ಟಿದ್ದೆ. ಈಗ ನಿಲಂಗದ ದತ್ತಾತ್ರಿಯನ್ನು ಕರೆಸಿದೆ, ಮದುವೆಗಳಲ್ಲಿ ಕ್ಯಾಸಿಯೋ ಬಾರಿಸುತ್ತಾನಲ್ಲ, ಅವನೇ. ಅವನು ತಿಳಿಸಿದ್ದು ಇಷ್ಟು: ಪರದೆಯ ಮೇಲೆ ನಿನ್ನ ರಂಗೋಲಿಯ ಚುಕ್ಕಿಗಳಂತೆ ಮನೆಗಳಿರುತ್ತವೆ. ಯಾವ ಸ್ವರ ಯಾವಾಗ ಬರಬೇಕೋ ಆ ಮನೆಯಲ್ಲಿ ಗುರುತು ಹಾಕಿದರೆ ಕಂಪ್ಯೂಟರ್ ಅದನ್ನು ಸಾಲಾಗಿ ಬಾರಿಸುತ್ತ ಹೋಗುತ್ತದೆ.

ಕೇಳಲು ಸುಲಭ. ಮೊದಲು ತಂದ ಸಾಫ್ಟ್‌ವೇರು ನೋಡಲು ಮದುವಣಗಿತ್ತಿಯಂತಿತ್ತು. ಒಂದು ಭಾನುವಾರವಿಡೀ ದುಡಿದು, ಉಳಿಸಿಡು ಎಂದು ಒತ್ತಿದರೆ, ಮೊದಲು ಕೊಂಡುಕೋ ಎಂದಿತು. ದತ್ತಾತ್ರಿಯ ಮುಖ ನೋಡಬೇಕಿತ್ತು ನೀನು! ಅಪ್ಪ ಅಂಗಡಿಯ ಗಲ್ಲೆಯ ಮೇಲಿಂದಲೇ ನಕ್ಕರು. "ಅರಿವಿ ಥಾನ ಬಿಚ್ಚಿ ತೋರ್ಸೋದು ನಮ್ಮಲ್ಲೂ ಫುಕಟೇ. ಕತ್ರಿ ಹಾಕಿದ ಮ್ಯಾಲೆ ರೊಕ್ಕ." ಬಟ್ಟೆ ವ್ಯಾಪಾರಿಗೆ ತಿಳಿದದ್ದು ನಮಗೆ ತಿಳಿಯಲಿಲ್ಲ. ಎರಡನೆಯದು ನಿಜವಾಗಿಯೂ ಉಚಿತ, ಆದರೆ ಇಂಟರ್ನೆಟ್ಟಿನೊಳಗೇ ನಡೆಯುವಂಥದ್ದು. ನಮ್ಮೂರ ನೆಟ್‌ವರ್ಕು ನಿನಗೆ ಗೊತ್ತೇ ಇದೆ, ಹಾಡಿನ ನಡುವೆ ಗಕ್ಕನೆ ನಿಂತುಬಿಡುತ್ತಿತ್ತು. ಅಗ್ಗದ್ದೊಂದನ್ನು ಕೊಳ್ಳೋಣವೆಂದೆ. ಅದರ ಗುಂಡಿಗಳನ್ನು ಕಲಿಯುವಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ ಎಂದು ದತ್ತಾತ್ರಿಯೇ ಬೇಡವೆಂದ. ಕೊನೆಗೆ ಸಿಕ್ಕದ್ದು ಚಿಕ್ಕದೊಂದು. ಬಣ್ಣವಿಲ್ಲ, ಬೆಡಗಿಲ್ಲ, ಕಾಸೂ ಬೇಡ, ನಿನ್ನ ಹಳೆಯ ಕಂಪ್ಯೂಟರಿನ ಮೇಲೂ ಮುನಿಸಿಲ್ಲದೆ ತೆರೆಯುತ್ತದೆ. ಟೈಪು ಮಾಡುವ ಕೀಲಿಗಳನ್ನೇ ಹಾರ್ಮೋನಿಯಂ ಪೇಟಿಯ ಮನೆಗಳಂತೆ ಒತ್ತಬಹುದು. ಅದನ್ನೇ ಇಟ್ಟುಕೊಂಡೆವು.

ದತ್ತಾತ್ರಿ ತನಗೆ ತಿಳಿದಂತೆ ಢೋಲಕಿನ ಠೇಕಾ ಹಾಕಿದ. ಸಾಕ್ಷಾತ್ ವರಾತದ ಠೇಕಾ, ಮದುವೆ ಮೆರವಣಿಗೆಯಲ್ಲಿ ಕುಣಿಯುವಂಥದ್ದು! ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು. "ಈ ತಾಳಕ್ಕ ತೂಗಿದ್ರ ಕೂಸು ತೊಟ್ಟಲದಾಗ ಉಳೀತದೇನು? ಹೊರಗ ಹಾರ್ತದ" ಎಂದಳು. ಮತ್ತೆ ನಿಧಾನ ಎಷ್ಟಿರಬೇಕು ಎಂದು ಕೇಳಿದೆ. ನಾನು ಮಲಗಿ ಬೆಳೆದ ತೊಟ್ಟಿಲನ್ನು ಅಪ್ಪ ಅಟ್ಟದಿಂದ ಇಳಿಸಿ, ಎಣ್ಣೆ ಹಚ್ಚಿ, ನಡುಮನೆಯಲ್ಲಿ ತೂಗುಹಾಕಿದ್ದಾರೆ. ಬರಿ ತೊಟ್ಟಿಲನ್ನು ತೂಗಬಾರದಲ್ಲ, ಅವ್ವ ಒರಳಿನ ಗುಂಡುಕಲ್ಲನ್ನು ತಂದು, ಟವೆಲ್ಲು ಸುತ್ತಿ ಅದರಲ್ಲಿ ಮಲಗಿಸಿ, ಹಗ್ಗ ಹಿಡಿದು ತೂಗತೊಡಗಿದಳು. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ, ತಾಳಕ್ಕೆ ಸರಿಯಾಗಿ ಅದನ್ನು ಒತ್ತುತ್ತ ಹೋದರೆ ವೇಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಅವ್ವನ ಪ್ರತಿ ತೂಗಿಗೂ ನಾನು ಒತ್ತಿದೆ. ದತ್ತಾತ್ರಿಯ ಲೆಕ್ಕದ ಅರ್ಧಕ್ಕಿಂತಲೂ ಕೆಳಗೆ ಬಂದು ನಿಂತಿತು. ಕಲ್ಲಿಗೆ ಮಾತ್ರ ಒಳ್ಳೆಯ ನಿದ್ದೆ ಬಂದಿರಬೇಕು.

ಆಮೇಲೆ ಅವ್ವನೇ ಕುರ್ಚಿಯ ಮೇಲೆ ಕುಳಿತಳು. ಕಂಪ್ಯೂಟರ್ ಮುಟ್ಟಿದರೆ ಕೆಡುತ್ತದೆ ಎಂದು ಅದರ ಮೇಲಿನ ಧೂಳನ್ನೂ ಒರೆಸದಿದ್ದವಳು, ತೋರುಬೆರಳೊಂದರಿಂದ ಒಂದೊಂದೇ ಕೀಲಿ ಹುಡುಕಿ ಪದದ ಧಾಟಿಯನ್ನು ಕೂಡಿಸಿದಳು. ಒಂದು ಕಡೆ ತಡೆದು, "ಇದು ಮೆಟ್ಲಾ ಇಳದಂಗ ಇಳೀತದ, ನಂದು ಜಾರ್ತದ" ಎಂದಳು. ಸ್ವರವನ್ನು ಗೆರೆ ಎಳೆದು ಬಾಗಿಸುವುದನ್ನು ಹುಡುಕಿಕೊಟ್ಟ ದತ್ತಾತ್ರಿಗೆ ನನ್ನ ಕಡೆಯಿಂದ ದೊಡ್ಡ ಶರಣು. ಸಪನಾ, ಬೆರಳಾಡಿಸುತ್ತ ಆಡಿಸುತ್ತ ಅವ್ವ ತನಗರಿವಿಲ್ಲದೆ ಗುನುಗಿದಳು! ಆಪರೇಷನ್ ಆದಮೇಲೆ ಮೊದಲ ಸಲ. ಹರಿದ ಧ್ವನಿ, ನಡುನಡುವೆ ಬರಿಯ ಉಸಿರು. ಆದರೂ ಅದು ಅವಳ ಪದವೇ. ಅಪ್ಪ ಆಗಲೇ ಅಳೆದಿಟ್ಟ ಬಟ್ಟೆಯನ್ನು ಮತ್ತೆ ಅಳೆಯುತ್ತ ಕುಳಿತರು. ನನಗೆ ಕಣ್ಣು ತುಂಬಿ ಪರದೆಯೇ ಕಾಣಲಿಲ್ಲ. ನೀನು ಆ ಮಾತು ಹೇಳದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ನಿನ್ನ ಉಪಕಾರ ನನ್ನ ತಲೆಯ ಮೇಲಿದೆ, ಇದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆದರೆ ನನ್ನ ಜಾಣತನ ನನಗೇ ತಿರುಗಿತು, ನೋಡು. ಪದ ಮುಗಿದದ್ದೇ ತಡ, ಅವ್ವ ಕೈ ಒರೆಸಿಕೊಂಡು ಎದ್ದಳು. "ಆಯ್ತಲ್ಲ. ಒಯ್ದು ಅದರ ಕೈಲೇ ಹಾಡಸ್ರಿ. ಇನ್ನ ನಂದ್ಯಾನ್ ಕೆಲಸ ಅಲ್ಲಿ?" ಕಂಪ್ಯೂಟರ್ ಧಾಟಿ ಎತ್ತಿದರೆ ಬೀಗರೆದುರು ಅವಳಿಗೆ ಸಂಕೋಚವಿರದೆಂದು ಮಾಡಿದ್ದೇ ಅವಳು ಮನೆಯಲ್ಲಿ ಉಳಿಯಲು ನೆಪವಾಯಿತು. ನಿನ್ನೆಯಿಂದ ಬೇಡಿಕೊಂಡು ಸಾಕಾಗಿದೆ. ನನ್ನ ಮಾತಿಗೆ ಬಗ್ಗುವವಳಲ್ಲ ಅವಳು, ನಿನ್ನ ಮಾತಿಗೆ ಬಗ್ಗುತ್ತಾಳೆ. ಈ ಪತ್ರ ಮುಟ್ಟಿದ ಕೂಡಲೇ ನೀನೇ ಫೋನು ಮಾಡಿ, ಬಾ ಎಂದು ಕರೆ. ಅವಳಿಲ್ಲದೆ ಮಗಳನ್ನು ತೊಟ್ಟಿಲಿಗೆ ಹಾಕಲು ನನಗೆ ಮನಸ್ಸು ಬಾರದು.

ನಮ್ಮೂರ ಕಾಶೆಪ್ಪ ಮಾವ ನಿಮ್ಮ ಉದಗೀರಿನ ಸಂತೆಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಅತ್ತೆ ಮಾವಂದಿರಿಗೆ ನನ್ನ ಶರಣು. ನಿನ್ನನ್ನೂ ಕೂಸನ್ನೂ ಅವರು ಕಣ್ಣರೆಪ್ಪೆಯಂತೆ ಕಾಯುತ್ತಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಬಸವಣ್ಣ ನಿಮ್ಮಿಬ್ಬರಿಗೂ ಗಟ್ಟಿ ಮೈ, ಒಳ್ಳೆಯ ನಿದ್ದೆ ಕೊಡಲಿ. ಕೂಸಿನ ಎರಡೂ ಅಂಗಾಲಿಗೆ ನನ್ನ ಮುತ್ತು.

ನಿನ್ನವನೇ ಆದ,
ಗುರುಲಿಂಗ

ತಾ.ಕ.: ಕಾಶೆಪ್ಪ ಮಾವ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡುವುದು ಬೇಡ! ಲಕೋಟೆ ಅಂಟಿಸುವಾಗ ಸರಿಯಿದೆಯೇ ಎಂದು ಕೊನೆಯ ಸಲ ನೋಡಲು ಪದವನ್ನು ಹಚ್ಚಿದ್ದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಚಾಲ ಬರೋಬರ ಅದ. ಖರೆ ಅದು ಹಾಡಿದ್ರ ಕೂಸಿಗಿ ನನ್ನ ಗುರ್ತ ಹ್ಯಾಂಗ ಹತ್ತಬೇಕು? ಹಿಂದಿಂದ ಬೇಕಾದ್ರ ಅದು ಬಾರಸ್ಲಿ, ಹಾಡಾಕಿ ನಾನೇ. ನನ್ನ ಹಳೇ ಆವಾಜ ಆ ಕೂಸು ಕೇಳೇ ಇಲ್ಲಲ್ಲೋ ಗುರ್ಯಾ. ಆಯಿ ಆವಾಜ ಅಂದ್ರ ಹಿಂಗೇ ಇರ್ತದ ಅಂತ ತಿಳಕೋತದ."