ಕಿಗ್ಗುಂಡು ಹೇಳಿದ ಚೀನಾ ಸಿನಿಮಾ

ಕಿಗ್ಗುಂಡು,

ಸತ್ತವನಿಗೆ ಪತ್ರ ಬರೆ ಎಂದು ನನ್ನವಳು ನಲೊಂಗೊ ಬೆಳಗಿನಿಂದ ತಲೆ ತಿನ್ನುತ್ತಿದ್ದಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದೆಲ್ಲ ಯಾಕೆ ಬೇಕಿತ್ತು?

ನಿನ್ನೆ ನಮ್ಮ ವಿಡಿಯೊ ಶೆಡ್ಡಿನಲ್ಲಿ ಆ ಹಳೆಯ ಚೀನಾ ಸಿನಿಮಾ ಹಾಕಿದೆ. ಈಗ ನಿನ್ನ ಮೈಕು ಹಿಡಿದು ಸಿನಿಮಾದ ಕಥೆಯನ್ನು ನಮ್ಮ ಲುಗಾಂಡ ಭಾಷೆಯಲ್ಲಿ ಹೇಳುವವಳು ನಬ್ಬೋಸಾ, ಚೀನಾ ಭಾಷೆ ಕಲಿತ ಹುಡುಗಿ. ತಾಯಿಯ ತೊಡೆಯ ಮೇಲೆ ಹುಡುಗ ಕಣ್ಣು ಮುಚ್ಚಿದ ಕೂಡಲೇ, "ಮಗು ತೀರ್ಕೊಂಡ್ತು" ಅಂದುಬಿಟ್ಟಳು.

"ಏಯ್, ಬಾಯ್ಮುಚ್ಚೇ! ಅವ್ನು ನಿದ್ದೆ ಮಾಡ್ತಿದ್ದಾನೆ!" ಎಂದು ಇಡೀ ಶೆಡ್ಡು ಕೂಗಿತು. "ಕಿಗ್ಗುಂಡು ಹೇಳ್ತಿದ್ದದ್ದು ಹಾಗೇನೇ!"

ಹುಡುಗಿ ನನ್ನ ಕಡೆ ತಿರುಗಿದಳು. "ಭಾಷೆ ಬರ್ದಿದ್ರೆ ಹೋಗ್ಲಿ ತಾತ, ಆ ಅಳೋ ಸಂಗೀತ ಕೇಳಿದ್ರೂ ಗೊತ್ತಾಗ್ಲಿಲ್ವಾ ನಿಮ್ಗೆ?"

ಆ ಸಂಗೀತವನ್ನು ನಾವು ಕೇಳಿದ್ದೇ ನಿನ್ನೆ. ಆ ದೃಶ್ಯ ಬಂದಾಗಲೆಲ್ಲ ನೀನು ಟೀವಿಯ ಸದ್ದು ಇಳಿಸಿ ಜೋಗುಳ ಹಾಡುತ್ತಿದ್ದೆ. ಮೊದಲ ಸಲ ಹಾಗೆ ಹಾಡಿದ್ದು ನಮ್ಮ ಅವಳಿಗಳಲ್ಲಿ ಚಿಕ್ಕವನು ತೀರಿಹೋದ ವರ್ಷ. ನಲೊಂಗೊ ಮುಂದಿನ ಬೆಂಚಿನಲ್ಲೇ ಕೂತಿರುತ್ತಿದ್ದಳು. ಆ ಸಿನಿಮಾ ನೋಡಿ ಬಂದ ಮರುದಿನವೇ ಅವಳು ಎದ್ದು ಒಲೆ ಹಚ್ಚಿ ಮತೋಕೆ ಬಾಳೆಕಾಯಿ ಬೇಯಿಸಿದ್ದು. ನಿನಗೂ ಒಂದು ತಟ್ಟೆ ಕಳಿಸಿದಳು. ನಾನು ಏನೂ ಹೇಳಿ ಕಳಿಸಲಿಲ್ಲ.

ಒಳ್ಳೆಯ ಕೆಲಸ ಮಾಡಿದೆ, ಮಾರಾಯ.

ಶನಿವಾರ ಮತ್ತೆ ಅದೇ ಸಿನಿಮಾ. ಸದ್ದು ಇಳಿಸಿ ತಾನೂ ಹಾಡುತ್ತೇನೆ ಎಂದು ಹುಡುಗಿ ಒಪ್ಪಿದ್ದಾಳೆ. ಆದರೆ ಜೋಗುಳದ ಎರಡನೇ ಸಾಲು ನಲೊಂಗೊಗೂ ನೆನಪಿಲ್ಲ. ಶುಕ್ರವಾರದೊಳಗೆ ತಿಳಿಸು.